ಒಂದು ಕಪ್ ಕಾಫಿಯ ಬೆಲೆ

ತಿಂಗಳ ಬಾಡಿಗೆಗೆ ಸಾಫ್ಟ್‌ವೇರ್ ಕೊಡುವ ಸಮಸ್ತ ಕಂಪನಿಗಳಿಗೆ,

‘ದಿನಕ್ಕೆ ಒಂದು ಕಪ್ ಕಾಫಿಗಿಂತ ಕಡಿಮೆ!’ ಎಂಬ ತಮ್ಮ ಜಾಹೀರಾತು ಮಲ್ಲಂದೂರಿಗೂ ತಲುಪಿದೆ. ಇಲ್ಲಿ ಕಾಫಿ ಬೆಳೆಯುತ್ತಾರೆ. ಮನೆಗೆ ಬಂದವರಿಗೆ ಕೊಟ್ಟ ಕಪ್ಪಿಗೆ ಬಿಲ್ ಹಾಕುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ನಾಲ್ಕು ಎಕರೆಯ ಬೆಳೆಗಾರರೊಬ್ಬರು ತೋಟದ ಲೆಕ್ಕಕ್ಕೆಂದು ಒಂದು ಆಪ್ ಹಾಕಿಸಿಕೊಂಡರು. ಕಾಫಿ ಮಂಡಳಿಯ ಕಣ್ಣಿಗೆ 10 ಹೆಕ್ಟೇರಿನ ಒಳಗಿನವರು ಸಣ್ಣ ಬೆಳೆಗಾರರು. ತಮ್ಮ ಕಣ್ಣಿಗೆ ‘ಬೇಸಿಕ್’. ಬೇಸಿಕ್‌ನಲ್ಲಿ ಐದು ಜನರ ಹಾಜರಿಗಷ್ಟೇ ಜಾಗ. ಹಣ್ಣು ಕೊಯ್ಲಿಗೆ ಆರನೆಯವರು ಬಂದ ದಿನವೇ ‘ಪ್ರೊ’ಗೆ ಬಡ್ತಿ. ಕಾಫಿಯ ದುಡ್ಡು ಕೈಗೆ ಬರುವುದು ಕೊಯ್ಲು ಮುಗಿಸಿ ಮಾರಿದ ಮೇಲೆ. ತಮ್ಮ ಕಂತು ಪ್ರತಿ ತಿಂಗಳೂ. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಕಂತು ಮಾತ್ರ ಇದೆ. ಒಂದು ಕಪ್ ಕಾಫಿ, ಅಷ್ಟೇ!

ಅದರ ಮೇಲೆ ಶೇ 18 ಜಿಎಸ್‌ಟಿ. ದೊಡ್ಡ ಕಂಪನಿಗಳು ಇದನ್ನು ಇನ್‌ಪುಟ್ ಕ್ರೆಡಿಟ್‌ನಲ್ಲಿ ಹೊಂದಿಸಿಕೊಳ್ಳುತ್ತವೆ. ಸ್ವಂತ ನೆಲದ ಬೆಳೆಯನ್ನಷ್ಟೇ ಮಾರುವ ಕೃಷಿಕನಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆದ್ದರಿಂದ ಆ ಕ್ರೆಡಿಟ್ಟೂ ಇಲ್ಲ. ಎಂಟರ್‌ಪ್ರೈಸ್‌ನವರಿಗಿಂತ ಬೇಸಿಕ್‌ನವನ ಕಪ್ಪೇ ದುಬಾರಿ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಆದರೆ ಮೊನ್ನೆ ಸಾಲದ ನವೀಕರಣಕ್ಕೆ ಬ್ಯಾಂಕಿನವರು ಹೋದ ವರ್ಷದ ಬಟವಾಡೆ ಲೆಕ್ಕ ಕೇಳಿದರು. ಜೂನ್‌ನಲ್ಲಿ ಕಂತು ನಿಲ್ಲಿಸಿದ್ದರಿಂದ ಆಪ್‌ಗೆ ಬೀಗ. ಬೇಸಿಕ್ ಕಟ್ಟಿದರೆ ಲೆಕ್ಕ ನೋಡಬಹುದು, ಇಳಿಸಿಕೊಳ್ಳಲು ಪ್ರೊ ಬೇಕು. ಒಮ್ಮೆ ಬಿಟ್ಟವರಿಗೆ ಮತ್ತೆ ಪ್ರೊ ಬೇಕೆಂದರೆ ಇಡೀ ವರ್ಷದ್ದು ಒಟ್ಟಿಗೆ ಕಟ್ಟಬೇಕು. ಸಹಾಯವಾಣಿಯಲ್ಲಿ ಸಂಗೀತ ಕೇಳುತ್ತಾ ನಿಂತಿದ್ದಂತೆಯೇ ಬ್ಯಾಂಕಿನ ಕೌಂಟರ್ ಮುಚ್ಚಿತು.

ತೋಟ ಅವರದ್ದು. ಕೂಲಿ ಕೊಟ್ಟ ದುಡ್ಡು ಅವರದ್ದು. ರಾತ್ರಿ ಕೂತು ಒಂದೊಂದೇ ಅಂಕಿ ಒತ್ತಿದ್ದೂ ಅವರೇ. ಹಾಗಿದ್ದರೆ ಆ ಲೆಕ್ಕಕ್ಕೆ ಬೀಗ ಹಾಕಲು ನೀವು ಯಾರು? ಕೂಲಿಯ ಹಾಜರಿ ಬರೆಯುತ್ತಿದ್ದ ಹಳೆಯ ಚೆಕ್‌ರೋಲ್ ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತಿತ್ತು ನಿಜ, ಗೆದ್ದಲು ಬಾಡಿಗೆ ಕೇಳುತ್ತಿರಲಿಲ್ಲ.

ಇದು ಮಲ್ಲಂದೂರೊಂದರ ಗೋಳಲ್ಲ. 2013ರಲ್ಲಿ ಅಡೋಬ್ ತನ್ನ ಹೊಸ ಆವೃತ್ತಿಗಳನ್ನು ಒಮ್ಮೆಲೇ ಮಾರುವುದನ್ನು ಬಿಟ್ಟು ಬಾಡಿಗೆಗಿಳಿಯಿತು. ನಡುವೆ ಬಿಟ್ಟುಹೋಗುವವರ ಮೇಲಿನ ಶುಲ್ಕವನ್ನು ಮರೆಮಾಚಿದೆ ಎಂದು ಫೆಡರಲ್ ಟ್ರೇಡ್ ಕಮಿಷನ್ನಿನ ಶಿಫಾರಸಿನ ಮೇಲೆ ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ‘ಚಂದಾ ಬಲೆ’ಯೂ ಗ್ರಾಹಕರನ್ನು ವಂಚಿಸುವ ತಂತ್ರವೇ ಎಂದು ನಮ್ಮ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಒಮ್ಮೆ ಮಾರಿದರೆ ಕಂಪನಿ ಬದುಕದು ಎನ್ನಬೇಡಿ. ಬೆಂಗಳೂರಿನ ಟ್ಯಾಲಿ ಶಾಶ್ವತ ಲೈಸೆನ್ಸನ್ನು ಈಗಲೂ ಮಾರುತ್ತಿದೆ.

ಕೇಳುವುದು ಎರಡೇ. ಕೊಯ್ಲಿನ ನಾಲ್ಕು ತಿಂಗಳಿಗಷ್ಟೇ ಕಟ್ಟುವ ದಾರಿ ಇಡಿ. ಕಂತು ನಿಂತರೂ ಬರೆದವರ ಲೆಕ್ಕ ಬರೆದವರಿಗೆ ಸಿಗಲಿ. ಒಂದು ಕಪ್ ಕಾಫಿಯ ಮಾತನ್ನು ಆಮೇಲೆ ಕುಡಿಯುತ್ತಾ ಆಡೋಣ.

ಇಂತಿ,
ಬೇಸಿಕ್‌ನವರ ಪರವಾಗಿ

ಮರೆತ ಮಾತು: ರದ್ದು ಮಾಡುವಾಗ ‘ಯಾಕೆ ಬಿಡುತ್ತಿದ್ದೀರಿ?’ ಎಂದು ಪಟ್ಟಿ ತೋರಿಸುತ್ತೀರಲ್ಲ, ಅದಕ್ಕೆ ‘ಮಳೆಗಾಲ’ ಎಂದೂ ಸೇರಿಸಿ. ಪಾಪ, ಆ ಬೆಳೆಗಾರರು ‘ಇತರೆ’ ಒತ್ತಿದ್ದಕ್ಕೆ ಇನ್ನೊಂದು ಪ್ಲಾನ್ ತೋರಿಸಿದ್ದೀರಿ.