ಜಿಂಕೆಗೊಂದು ದುರ್ಬೀನು

ಕೊಡಗಿನ ಕುಶಾಲನಗರದವನು ಎಂದು ಹೇಳಿಕೊಂಡರೆ ಸಾಕು, ಹೊರಗಿನವರು ಮೂರು ಆಸ್ತಿಗಳನ್ನು ಪುಕ್ಕಟೆ ದಯಪಾಲಿಸಿಬಿಡುತ್ತಾರೆ: ಒಂದು ಕಾಫಿ ತೋಟ, ಒಂದು ಕೋವಿ, ಹಂದಿ ಮಾಂಸ ಹದವಾಗಿ ಬೇಯಿಸುವ ಹೆಂಡತಿ. ನನ್ನ ತೋಟ ಮಹಡಿಯ ಮೇಲಿನ ಕುಂಡಗಳಲ್ಲಿದೆ. ಹೆಂಡತಿ ಗುರುವಾರ ಈರುಳ್ಳಿಯನ್ನೂ ಮುಟ್ಟುವವಳಲ್ಲ. ಕೋವಿ ಹಿಡಿದಿದ್ದೇನಾದರೂ ಇದ್ದರೆ ಅದು ನಮ್ಮ ಗಣಪತಿ ಜಾತ್ರೆಯ ಬಲೂನಿನ ಅಂಗಡಿಯಲ್ಲಿ. ಅಲ್ಲಿಯೂ ನನ್ನಿಂದ ಬಲೂನುಗಳಿಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ.

ಇದೆಲ್ಲ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ತಂಗಿಯ ಮಗನಿಗೆ ಗೊತ್ತು. ಆದರೆ ಅವನ ಆಫೀಸಿನವರಿಗೆ ಗೊತ್ತಿಲ್ಲ. ‘ಕೋವಿ ಪೂಜೆ ಮಾಡುವ ಜಿಲ್ಲೆಯಿಂದ ಬಂದವನು’ ಎಂದು ಅವರು ಇವನನ್ನು ಜಿಂಕೆ ಬೇಟೆಗೆ ಕರೆದಿದ್ದಾರೆ. ಇವನೂ ಬಿಂಕ ಬಿಡಲಾರದೆ ಹೂಂ ಅಂದು, ರೈಫಲ್ ಎರವಲು ಪಡೆದು, ಅದರ ಮೇಲೆ ಕೂರಿಸುವ ಸ್ಕೋಪ್ ಯಾವುದು ತಗೊಳ್ಳಲಿ ಎಂದು ನನ್ನನ್ನು ಕೇಳಿದ.

“ನನ್ನನ್ನು ಯಾಕಪ್ಪ ಕೇಳ್ತೀಯ?”

“ನೀವು ಲೆಕ್ಕದ ಮೇಷ್ಟ್ರಲ್ವಾ ಮಾವ. ಇದರಲ್ಲಿ ಬರೀ ಲೆಕ್ಕವೇ ಇರೋದು.”

ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ರೈಫಲ್ ಬೇಟೆ ಶುರುವಾಗುತ್ತದೆ. ಎಷ್ಟೋ ಕಡೆ ಅದಕ್ಕಾಗಿ ಶಾಲೆಗೇ ರಜೆ ಕೊಡುವ ರೂಢಿಯಿದೆಯಂತೆ. ಮಳೆಗೆ ರಜೆ ಕೊಡುವುದನ್ನು ಕಂಡವನು ನಾನು, ಮಡಿಕೇರಿ ಕಡೆ ಸುರಿದ ಮಳೆಗೆ ಒಣಗಿ ನಿಂತ ಕುಶಾಲನಗರದಲ್ಲೂ ರಜೆ ಅನುಭವಿಸಿದವನು. ಜಿಂಕೆಗೆ ರಜೆ ಎಂದರೆ ನನಗೂ ಹೊಸದು. ಬೇಟೆಗಾರರು ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಧರಿಸಲೇಬೇಕೆಂದು ಅಲ್ಲಿ ಕಾನೂನು. ಜಿಂಕೆಗೆ ಕಿತ್ತಳೆಗೂ ಹಸಿರಿಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಬಣ್ಣ ಇರುವುದು ಬೇಟೆಗಾರರು ಒಬ್ಬರನ್ನೊಬ್ಬರು ಜಿಂಕೆಯೆಂದು ತಿಳಿಯದಿರಲಿ ಎಂದು.

ನಮ್ಮಲ್ಲಿ ವ್ಯವಹಾರ ತಿರುಗುಮುರುಗು. ಕೋವಿ ಉಂಟು, ಬೇಟೆ ಇಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆಯುಧದ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಅದು ಯಾವ್ಯಾವುದೋ ರೂಪದಲ್ಲಿ ಉಳಿದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಇವತ್ತಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ವಿಸ್ತರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಜಿಂಕೆಗೆ ಈಡು ಹೊಡೆದವನಿಗೆ ಜೈಲು. ಹಾಗಾಗಿ ಕೋವಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಹೊರಬಂದು, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿಕೊಂಡು ಪೂಜೆಗೆ ಕೂರುತ್ತದೆ, ತೆಂಗಿನಕಾಯಿಯನ್ನು ಸೀಳುತ್ತದೆ, ಪುತ್ತರಿಗೆ ಕದಿರು ಕೊಯ್ಯುವಾಗ ಆಕಾಶಕ್ಕೆ ಒಂದು ಈಡು ಬಿಟ್ಟು ಒಳಗೆ ಹೋಗುತ್ತದೆ. ತೆಂಗಿನಕಾಯಿಗೆ ಯಾವ ಕಾಯಿದೆಯ ರಕ್ಷಣೆಯೂ ಇಲ್ಲ, ಪಾಪ.

ಅಳಿಯ ಕಳಿಸಿದ ಸ್ಕೋಪುಗಳ ಪಟ್ಟಿ ಹಿಡಿದು ನಾನು ಪಕ್ಕದ ಮನೆಯ ನಿವೃತ್ತ ಸುಬೇದಾರರ ಬಳಿ ಹೋದೆ. ಅವರದು ಅಜ್ಜನ ಕಾಲದ ಜೋಡುನಳಿಗೆ. ತುದಿಯಲ್ಲೊಂದು ಹಿತ್ತಾಳೆಯ ಮಣಿ ಬಿಟ್ಟರೆ ಗುರಿಗೆ ಬೇರೆ ಉಪಕರಣವಿಲ್ಲ.

“ಎಂತ ಮೇಷ್ಟ್ರೆ, ಹಳೇ ಕಾಲದಲ್ಲಿ ನಾಯಿ ಬಿಟ್ಟು ಕಾಡು ಎಬ್ಬಿಸ್ತಿದ್ರು. ಪ್ರಾಣಿ ಎದುರಿಗೇ ಹಾರೋದು, ಇಪ್ಪತ್ತು ಮೂವತ್ತು ಹೆಜ್ಜೆ. ಅಲ್ಲಿ ದುರ್ಬೀನಿಗೆ ಕಣ್ಣಿಡೋ ಹೊತ್ತಿಗೆ ಅದು ಹೊಳೆ ದಾಟಿರ್ತದೆ.”

ಅಳಿಯನ ಬಜೆಟ್ಟು 300ರಿಂದ 500 ಡಾಲರ್. ಇದು ಮಧ್ಯಮ ದರ್ಜೆ ಅನ್ನಿಸಿಕೊಳ್ಳುತ್ತದಂತೆ. ಇದಕ್ಕಿಂತ ಕಡಿಮೆಯವು ಆಟದ ಸಾಮಾನು, ಹೆಚ್ಚಿನವು ಜರ್ಮನಿಯವರ ಆಸ್ತಿ. ಅವನ ಆಸೆಯಿದ್ದದ್ದು 6ರಿಂದ 24 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪಿನ ಮೇಲೆ. ಸುಬೇದಾರರು ಕನ್ನಡಕ ಹಣೆಗೇರಿಸಿ, “ಜಿಂಕೆ ಹೊಡೀಬೇಕಾ, ಹೇನು ಹೆಕ್ಕಬೇಕಾ ಅಂತ ಕೇಳಿ” ಅಂದರು.

ಮಾತು ಒರಟಾದರೂ ಲೆಕ್ಕ ಸರಿ. ಸಾಮಾನ್ಯ ಸ್ಕೋಪಿನಲ್ಲಿ 3 ಪಟ್ಟಿಗೆ ಇಟ್ಟರೆ ನೂರು ಗಜದಾಚೆ ಸುಮಾರು 33 ಅಡಿ ಅಗಲದ ಕಾಡು ಕಾಣುತ್ತದೆ. 9 ಪಟ್ಟಿಗೆ ತಿರುಗಿಸಿದರೆ ಬರೀ 13 ಅಡಿ. 24ಕ್ಕೆ ಏರಿಸಿದರೆ ಕಾಣುವುದು ಕಂದುಬಣ್ಣದ ಕೂದಲು. ಅದು ಜಿಂಕೆಯ ಯಾವ ಭಾಗದ್ದು, ಜಿಂಕೆಯದೇ ಹೌದೋ ಎಂದು ತಿಳಿಯಲು ಇನ್ನೊಬ್ಬನನ್ನು ಕೇಳಬೇಕು. ಜೊತೆಗೆ ನಮ್ಮ ಕೈಯ ನಡುಕವೂ 24 ಪಟ್ಟು.

ಮುಂದಿನದು ನನಗೆ ಬಹಳ ಹಿಡಿಸಿದ ಲೆಕ್ಕ. ಸ್ಕೋಪಿನ ಮೇಲೆ 3-9x40 ಎಂದಿದ್ದರೆ, 40 ಅಂದರೆ ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. ಅದನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 40 ಭಾಗಿಸು 9: ಸುಮಾರು 4.4 ಮಿಮೀ. ಜಿಂಕೆ ಹೊರಬರುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆಗ ಹರೆಯದವನ ಕಣ್ಣಿನ ಪಾಪೆ 7 ಮಿಮೀ ತನಕ ಅರಳುತ್ತದೆ. ಅರವತ್ತು ದಾಟಿದವರದು 5 ಆದರೆ ಹೆಚ್ಚು. ಅಂಗಡಿಯವನು 56 ಮಿಮೀ ಗಾಜಿನ ದೈತ್ಯನನ್ನು ತೋರಿಸಿ ‘ಕತ್ತಲಲ್ಲೂ ಹಗಲು’ ಎನ್ನುತ್ತಾನೆ. 56 ಭಾಗಿಸು 9 ಎಂದರೆ 6.2. ನನ್ನಂಥವನು ಅದನ್ನು ಕೊಂಡರೆ ಕಣ್ಣಿನೊಳಗೆ ಹೋಗುವಷ್ಟು ಬೆಳಕು ಹೋಗಿ, ದುಡ್ಡು ಕೊಟ್ಟ ಉಳಿದ ಬೆಳಕು ರೆಪ್ಪೆಯ ಮೇಲೆ ವ್ಯರ್ಥವಾಗಿ ಬೀಳುತ್ತದೆ.

ನನ್ನ ಪಾಪೆ ಎಷ್ಟಿದೆ ನೋಡೋಣವೆಂದು ರಾತ್ರಿ ದೀಪ ಆರಿಸಿ ಕನ್ನಡಿ ಮುಂದೆ ಸ್ಕೇಲು ಹಿಡಿದು ನಿಂತೆ. ಕತ್ತಲಲ್ಲಿ ಸ್ಕೇಲು ಕಾಣುವುದಿಲ್ಲ. ಹೆಂಡತಿ ಟಾರ್ಚ್ ಬಿಟ್ಟಳು. ಬಿಟ್ಟ ಕೂಡಲೇ ಪಾಪೆ ಕುಗ್ಗಿತು. ಆರಿಸಿದರೆ ಮತ್ತೆ ಸ್ಕೇಲಿಲ್ಲ. “ಜಿಂಕೆ ನೋಡೋಕೆ ಇಷ್ಟೆಲ್ಲಾ ಯಾಕೆ? ನಿಸರ್ಗಧಾಮದಲ್ಲಿ ಟಿಕೆಟ್ ತಗೊಂಡ್ರೆ ಬೇಲಿ ಹತ್ತಿರಾನೇ ಬಂದು ನಿಲ್ತಾವೆ” ಎಂದು ಟಾರ್ಚ್ ಸಮೇತ ಮಲಗಲು ಹೋದಳು.

ಇನ್ನು ಮಂಜು. ಲ್ಯೂಪೋಲ್ಡ್ ಕಂಪನಿಯವರು ತಮ್ಮ ಬಗ್ಗೆ ಹೇಳಿಕೊಳ್ಳುವ ಕಥೆ ಹೀಗಿದೆ: ಮಾರ್ಕಸ್ ಲ್ಯೂಪೋಲ್ಡ್ ಎಂಬಾತ ಆರೆಗನ್ ಕಾಡಿನಲ್ಲಿ ಜಿಂಕೆಗೆ ಗುರಿಯಿಟ್ಟಾಗ ಸ್ಕೋಪಿನೊಳಗೆ ಮಂಜು ಕಟ್ಟಿ ಜಿಂಕೆ ತಪ್ಪಿಸಿಕೊಂಡಿತು, ಸಿಟ್ಟಿಗೆದ್ದವನು ಇದಕ್ಕಿಂತ ಚೆನ್ನಾದದ್ದು ನಾನೇ ಮಾಡುತ್ತೇನೆಂದು ಹೊರಟ. 1947ರಲ್ಲಿ ಅವರ ಮೊದಲ ಸ್ಕೋಪ್ ಮಾರುಕಟ್ಟೆಗೆ ಬಂತು. ಕೊಳವೆಯೊಳಗಿನ ತೇವದ ಗಾಳಿ ತೆಗೆದು ನೈಟ್ರೋಜನ್ ತುಂಬಿ ಮುಚ್ಚುವ ಉಪಾಯ ಈಗ ಬಹಳ ಕಂಪನಿಗಳಲ್ಲಿದೆ. ಆ ಜಿಂಕೆಗೆ ಮಾತ್ರ ಯಾರೂ ಶೇರು ಕೊಟ್ಟಂತಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ಕನ್ನಡಕ ಒರೆಸುತ್ತಲೇ ಬದುಕುವ ನಮ್ಮ ಜಿಲ್ಲೆಯಲ್ಲಿ ಒಬ್ಬರಿಗಾದರೂ ಈ ಸಿಟ್ಟು ಯಾಕೆ ಬರಲಿಲ್ಲವೋ.

ಸುಬೇದಾರರು ಒತ್ತಿ ಹೇಳಿದ ಸಂಗತಿಯನ್ನು ಅಂಗಡಿಯವರು ಸಣ್ಣಕ್ಷರದಲ್ಲಿ ಹಾಕುತ್ತಾರೆ: ಕಣ್ಣಿಗೂ ಸ್ಕೋಪಿಗೂ ನಡುವೆ ಇರಬೇಕಾದ ದೂರ. ಮೂರೂವರೆ ಇಂಚಾದರೂ ಬೇಕು. ಕಡಿಮೆಯಾದರೆ ಗುಂಡು ಹಾರಿದೊಡನೆ ರೈಫಲ್ ಹಿಂದಕ್ಕೆ ಒದ್ದು, ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಬರೆಯುತ್ತದೆ. ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಜಾಗ. ಹಾಗೆಯೇ ಗುರಿ ಸರಿಪಡಿಸುವ, ಅಂದರೆ ‘ಝೀರೋ’ ಮಾಡುವ ತಿರುಪು: ಒಂದು ‘ಟಿಕ್’ ಅಂದರೆ ನೂರು ಗಜದಲ್ಲಿ ಕಾಲು ಇಂಚು. “ದುಬಾರಿ ಸ್ಕೋಪ್ ತಂದು ಝೀರೋ ಮಾಡದೆ ಕಾಡಿಗೆ ಹೋಗೋ ಬದಲು, ಅಗ್ಗದ್ದು ತಂದು ಉಳಿದ ದುಡ್ಡಿಗೆ ತೋಟಾ ತಗೊಂಡು ಅಭ್ಯಾಸ ಮಾಡ್ಲಿ” ಎಂಬುದು ಅವರ ತೀರ್ಪು. ಯಾವ ಕಂಪನಿಯೂ ಈ ಮಾತನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಲಾರದು.

ಕೊನೆಗೆ 3-9x40, ನೈಟ್ರೋಜನ್ ತುಂಬಿದ್ದು, ಸಾದಾ ಅಡ್ಡಗೆರೆಯದು, 300 ಡಾಲರಿನ ಆಸುಪಾಸು ಎಂದು ನಾವಿಬ್ಬರೂ ನಿರ್ಣಯಿಸಿ ಕಳಿಸಿದೆವು. ಅವನು ಅದನ್ನೇ ಕೊಂಡ. ಬೇಟೆಯ ದಿನ ಮುಂಜಾನೆಯಿಂದ ಚಳಿಯಲ್ಲಿ ಕೂತು, ಒಂದು ಹೆಣ್ಣು ಜಿಂಕೆಯನ್ನೂ ಮರಿಯನ್ನೂ ಬಹಳ ಹೊತ್ತು ನೋಡಿದನಂತೆ. “ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಮಾವ, ಕಿವಿ ಒಳಗಿನ ಕೂದಲೂ ಎಣಿಸಬಹುದಿತ್ತು.” ಈಡು? ಹೊಡೆಯಲಿಲ್ಲ. ಆಫೀಸಿನವರಿಗೆ ‘ನಮ್ಮ ಜಿಲ್ಲೆಯಲ್ಲಿ ಮರಿ ಇದ್ದದ್ದನ್ನು ಹೊಡೆಯುವುದಿಲ್ಲ’ ಎಂದು ಗಂಭೀರವಾಗಿ ಹೇಳಿದ್ದಾನೆ. ಬಲೂನಿನ ವಿಷಯದಲ್ಲಿ ಅವನು ನನಗಿಂತ ಗಟ್ಟಿಗನೇನಲ್ಲ ಎಂಬುದನ್ನು ನಾನು ಯಾರಿಗೂ ಹೇಳಹೋಗಿಲ್ಲ.

ನೋಡುವುದೇ ಆದರೆ ರೈಫಲ್ ಯಾಕೆ? ಕುಶಾಲನಗರದ ಸುತ್ತ ಜಿಂಕೆ ನೋಡಬೇಕೆಂದು ಯಾರಾದರೂ ದುರ್ಬೀನಿನ ಅಂಗಡಿ ಹೊಕ್ಕರೆ 8x42 ಬೈನಾಕ್ಯುಲರ್ ಕೇಳಿ. 42 ಭಾಗಿಸು 8 ಅಂದರೆ 5.25, ನನ್ನ ವಯಸ್ಸಿನವರ ಕಣ್ಣಿಗೆ ಧಾರಾಳ. ಹುಬ್ಬಿಗೆ ಒದೆಯುವುದಿಲ್ಲ, ಲೈಸೆನ್ಸೂ ಬೇಡ.