ಗ್ರೀಷ್ಮಕಾಲೀನ ದರೀವಾಸ ಮೀಮಾಂಸೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಸೀಮಿತವಾದುದು. ಪುಣೆಯ ಕೋಥ್ರೂಡ್, ಬಾಣೇರ್, ಹಿಂಜವಡಿಗಳಲ್ಲಿ ಹೇರಳವಾಗಿ ಸಿಗುವ, ವಾರವಿಡೀ ಕಂಪ್ಯೂಟರ್ ಮುಂದೆ ಕುಳಿತು ಶನಿವಾರ ಮಾತ್ರ ಸಾಹಸಿಯಾಗುವ ಕನ್ನಡಿಗನು ಮೇ ತಿಂಗಳಲ್ಲಿ ಸಾಂದಣ ದರಿಯಲ್ಲಿ ಒಂದು ರಾತ್ರಿ ಕಳೆಯುವ ಮುನ್ನ ಅನುಭವಿಸಬೇಕಾದ ಪೂರ್ವಸಿದ್ಧತೆಯ ತಾತ್ವಿಕ ನೆಲೆಗಳನ್ನು ಇಲ್ಲಿ ಶೋಧಿಸಲಾಗಿದೆ. ದರಿಗೆ ನಿಜವಾಗಿ ಹೋಗುವುದು ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಮೊದಲಿಗೆ ಕ್ಷೇತ್ರನಿರ್ದೇಶ. ಅಹಿಲ್ಯಾನಗರ (ಹಳೆಯ ಅಹಮದ್‌ನಗರ) ಜಿಲ್ಲೆಯ ಅಕೋಲೆ ತಾಲ್ಲೂಕಿನಲ್ಲಿ, ಭಂಡಾರದರಾ ಅಣೆಕಟ್ಟಿನ ಆಚೆ, ರತನ್‌ಗಡದ ಮಗ್ಗುಲಲ್ಲಿ ಸಾಮ್ರದ್ ಎಂಬ ಹಳ್ಳಿ. ಅದರ ಅಂಚಿನಲ್ಲಿ ನೆಲ ಸೀಳಿಕೊಂಡಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹೆಪ್ಪುಗಟ್ಟಿದ ಕರಿಗಲ್ಲನ್ನು ಮಳೆನೀರು ಕೊರೆಯುತ್ತ ಮಾಡಿದ ಸೀಳು. ಆಳ ಇನ್ನೂರು ಅಡಿಯ ಆಸುಪಾಸು. ಇಕ್ಕಟ್ಟಿನ ಕಡೆ ಎರಡೂ ಗೋಡೆಗಳನ್ನು ಒಟ್ಟಿಗೆ ಮುಟ್ಟಬಹುದು. ಇದನ್ನು ನಮ್ಮ ಗುಂಪಿನ ಮಹಾನಾಯಕರು ಪೂರ್ವಭಾವಿ ಸಭೆಯಲ್ಲಿ 'ಶೈಲಾಂತರ್ಗತ ಸಂಕುಚಿತಾವಕಾಶ' ಎಂದು ಕರೆದರು. ಅವರು ಒಂದು ಕಾಲದಲ್ಲಿ ವಿಚಾರಸಂಕಿರಣಗಳಿಗೆ ಹೋಗುತ್ತಿದ್ದವರು, ಕ್ಷಮಿಸಬೇಕು.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ಸೀಳುದರಿ ಎಂದರೆ ಅರಿಜೋನಾ, ಯೂಟಾಗಳ ಮರುಭೂಮಿಯಲ್ಲಿರುವ ಕೆಂಪು ಮರಳುಗಲ್ಲಿನದು. ಆಗುಂಬೆಯವರೂ ಕೊಡೆ ಮಡಚಿ ಕೈಮುಗಿಯುವಂಥ ಮಳೆ ಸುರಿಯುವ ಸಹ್ಯಾದ್ರಿಯ ನೆತ್ತಿಗೆ ಆ ಅರ್ಹತೆ ಎಲ್ಲಿಯದು? ಸಿದ್ಧಾಂತಿಯ ಸಮಾಧಾನ: ಸ್ವಾಮಿ, ಮೇ ತಿಂಗಳಲ್ಲಿ ಬಂದು ನೋಡಿ. ಹುಲ್ಲು ಬೂದಿಯಾಗಿದೆ, ದರಿಯೊಳಗೆ ಎದೆಮಟ್ಟ ನಿಂತಿರುತ್ತಿದ್ದ ನೀರು ಇಂಗಿ ತಳದ ಬಂಡೆಗಳು ಬಿಳುಚಿಕೊಂಡಿವೆ. ಆದ್ದರಿಂದ 'ಆಗಂತುಕ ಮರುಭೂಮಿ' ಎಂಬ ಹೊಸ ಪರಿಕಲ್ಪನೆಯನ್ನು ಈ ಪ್ರಬಂಧ ಮಂಡಿಸುತ್ತದೆ. ನಾಲ್ಕು ತಿಂಗಳು ಮುಳುಗಿರುತ್ತದೆ, ನಾಲ್ಕು ತಿಂಗಳು ಒಣಗಿರುತ್ತದೆ, ಉಳಿದ ನಾಲ್ಕು ತಿಂಗಳು ಫೋಟೋ ತೆಗೆಯುವವರಿಗೆ ಮೀಸಲು.

ಸಿದ್ಧತಾವಾದಿಗಳಲ್ಲಿ ಐದು ಪಂಥಗಳುಂಟು.

ಒಂದನೆಯದು ಸಾಧನವಾದ. ಇವರ ಮತದಲ್ಲಿ ಮನುಷ್ಯನು ಬ್ಯಾಕ್‌ಪ್ಯಾಕಿನ ಉಪಾಂಗ. ಟೈಟಾನಿಯಂ ಚಮಚ, ತೂಕವೇ ಇಲ್ಲದ ಟೆಂಟು, ಸೊಂಟದಲ್ಲಿ ದೇವಸ್ಥಾನದ ಗಂಟೆಯಂತೆ ಠಣಗುಟ್ಟುವ ಕ್ಯಾರಬೈನರುಗಳು. ಆ ಚಮಚದಿಂದ ಒಂದು ಲೀಟರ್ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಇಟ್ಟುಕೊಳ್ಳಿ ಎಂದರೆ ಮಾತ್ರ ಅವಮಾನವಾದಂತೆ ನೋಡುತ್ತಾರೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗುತ್ತದೆ ಎಂಬುದು ಅಂಗಡಿಯಲ್ಲಿ ಸಿಗದ ಜ್ಞಾನವಾದ್ದರಿಂದ ಅವರಿಗೆ ಅದು ಪ್ರಮಾಣವಲ್ಲ.

ಎರಡನೆಯದು ಕೋಷ್ಟಕವಾದ. ನಮ್ಮ ಮಹಾನಾಯಕರು ಈ ಪಂಥದ ಪೀಠಾಧಿಪತಿಗಳು. ಅವರ ಎಕ್ಸೆಲ್ ಹಾಳೆಯ ಒಂದು ಸಾಲನ್ನು ಯಥಾವತ್ ಕೊಡುತ್ತೇನೆ. ಅಪಾಯ: ಬಿಸಿಲು. ತೀವ್ರತೆ: ಹಳದಿ. ಪರಿಹಾರ: ಟೋಪಿ. ಜವಾಬ್ದಾರಿ: ಎಲ್ಲರೂ. ಕರಿಗಲ್ಲು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೇ ಕಾರುತ್ತದೆ, ಗಾಳಿಯಾಡದ ಸೀಳಿನಲ್ಲಿ ಆ ಶಾಖಕ್ಕೆ ಹೋಗಲು ಜಾಗವಿಲ್ಲ ಎಂದೆ. ಅದಕ್ಕೆ ಪ್ರತ್ಯೇಕ ಕಾಲಂ ಇಲ್ಲ ಎಂದರು. ಶಾಖಾಘಾತದ ಮೊದಲ ಲಕ್ಷಣಗಳಲ್ಲೊಂದು ಮನುಷ್ಯ ಸಂಬಂಧವಿಲ್ಲದ ಮಾತಾಡಲು ಶುರುಮಾಡುವುದು. ನಾಯಕರ ವಿಷಯದಲ್ಲಿ ಅದನ್ನು ಪತ್ತೆಹಚ್ಚುವುದು ಹೇಗೆಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಮೂರನೆಯದು ಬುತ್ತಿವಾದ. ಇದರಲ್ಲಿ ಮೈಸೂರು ಶಾಖೆಯು ಪುಳಿಯೋಗರೆಯನ್ನೂ ವಿಜಯಪುರ ಶಾಖೆಯು ಕಟಕ್ ರೊಟ್ಟಿಯನ್ನೂ ಪರಮಪ್ರಮಾಣವೆಂದು ಭಾವಿಸುತ್ತವೆ. ರೊಟ್ಟಿ ವಾರಗಟ್ಟಲೆ ಕೆಡದು ಎಂಬುದು ನಿರ್ವಿವಾದ. ಆದರೆ ಅದು ಗಂಟಲಿಳಿಯಬೇಕಾದರೆ ನೀರು ಬೇಕು ಎಂದು ಮೈಸೂರಿನವರು ಎತ್ತಿದ ಆಕ್ಷೇಪಕ್ಕೆ ಶೇಂಗಾ ಚಟ್ನಿ, ಮೊಸರು ಎಂಬ ಉತ್ತರ ಬಂತು. ಆ ಉರಿಯಲ್ಲಿ ಮೊಸರು ಸಂಜೆಯೊಳಗೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ. ಸಭೆ ರಾತ್ರಿ ಹನ್ನೊಂದರವರೆಗೆ ನಡೆಯಿತು.

ನಾಲ್ಕು ಮತ್ತು ಐದನೆಯ ಪಂಥಗಳನ್ನು ಇಲ್ಲಿ ವಿವರಿಸಬೇಕಿತ್ತು. ಬೇಡ. ಅವರೂ ಇವರೇ, ಟೀಶರ್ಟು ಬೇರೆ.

ಇನ್ನು ಹವಾಮಾನ. ಹಾಳೆಯಲ್ಲಿ 'ಶುಭ್ರ' ಎಂದಿದೆ. ಯಾವ ಊರಿನದು ಎಂದು ಕೇಳಿದರೆ ಪುಣೆಯದು. ಮೇ ತಿಂಗಳ ಸಂಜೆಗಳಲ್ಲಿ ಮರಾಠಿಗರು ವಳೀವ ಎನ್ನುವ ಗುಡುಗು ಮಳೆ ಎಲ್ಲಿ ಬೇಕಾದರೂ ಬೀಳಬಹುದು. ಸೀಳಿನೊಳಗೆ ಮಲಗಿದವನಿಗೆ ತಲೆಯ ಮೇಲೆ ಕಾಣುವುದು ಒಂದು ರಿಬ್ಬನ್ನಿನಷ್ಟು ಆಕಾಶ. ಮೋಡ ಅದರಾಚೆ ಇರುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ದರಿಯಲ್ಲಿ ಹೀಗೇ ಆಯಿತು. ಮಳೆ ಬಿದ್ದದ್ದು ಎಷ್ಟೋ ದೂರದ ಮೇಲ್ಭಾಗದಲ್ಲಿ, ನೀರು ನುಗ್ಗಿದ್ದು ಸೀಳಿನೊಳಕ್ಕೆ, ಸತ್ತವರು ಹನ್ನೊಂದು ಪ್ರವಾಸಿಗರು. ಪುಣೆಯವರಿಗೆ ಇದನ್ನು ಅರಿಜೋನಾದಿಂದ ತಂದು ಹೇಳಬೇಕಾಗಿಯೂ ಇಲ್ಲ. 2024ರ ಜೂನ್ 30, ಭಾನುವಾರ, ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು, ಮಕ್ಕಳೂ ಸೇರಿ. ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದ ಆ ವಿಡಿಯೋವನ್ನು ನಾವೆಲ್ಲ ನೋಡಿದ್ದೇವೆ, ಮುಂದಕ್ಕೆ ಕಳಿಸಿಯೂ ಇದ್ದೇವೆ. ಆದರೂ ದರಿಯ ತಳದಲ್ಲೇ ಡೇರೆ ಹಾಕಬೇಕು, ಮೇಲೆ ಹಾಕಿದರೆ 'ಅನುಭೂತಿಯ ಅಧಿಕೃತತೆ' ಕುಂದುತ್ತದಂತೆ. ಹೀಗಂದದ್ದು ಟೋಪಿಯ ಹಳದಿ ಕೋಷ್ಟಕ ಬರೆದವರೇ.

ಈಗ ನೀರು. ಬಿಸಿಲಲ್ಲಿ ಹೊರೆ ಹೊತ್ತು ನಡೆಯುವವನು ಗಂಟೆಗೆ ಒಂದು ಲೀಟರ್ ಬೆವರಬಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಇದಕ್ಕೆ ಟೈಟಾನಿಯಂ ಮಾದರಿ ಇನ್ನೂ ಬಂದಿಲ್ಲ. ಎರಡು ದಿನಕ್ಕೆ ಬೇಕಾದಷ್ಟನ್ನು ಹೊರಲು ಯಾರಿಗೂ ಮನಸ್ಸಿಲ್ಲವಾಗಿ ಹಾಳೆಯಲ್ಲಿ ಹೀಗೆ ಬರೆದಿದೆ: 'ನೀರು: ಸಾಮ್ರದ್‌ನಲ್ಲಿ ತುಂಬಿಸಿಕೊಳ್ಳುವುದು'. ಇಷ್ಟೇ. ಎಲ್ಲಿಂದ, ಯಾರ ಕೊಡದಿಂದ, ಎಂದಿಲ್ಲ.

ಮಳೆಗಾಲದಲ್ಲಿ ಮುಳುಗುವ ಈ ನೆತ್ತಿಯ ಹಳ್ಳಿಗಳ ಕಲ್ಲುನೆಲದಲ್ಲಿ ನೀರು ನಿಲ್ಲುವುದಿಲ್ಲ. ಬೇಸಿಗೆಯ ಕೊನೆಗೆ ಬಾವಿ ತಳ ಕಾಣುತ್ತದೆ. ಹಿಂದೊಮ್ಮೆ ಸಾಮ್ರದ್‌ನಲ್ಲಿ ನಮಗೆ ಪಿಠಲೆ, ಭಾಕರಿ ಬಡಿಸಿದ ಮನೆಯ ಹೆಂಗಸು ಕೊಡದ ಬಾಯಿಗೆ ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಹಾಕಿ ಕಟ್ಟಿ, ಲೋಟ ಲೋಟವಾಗಿ ಸುರಿದು ನೀರು ಸೋಸುತ್ತಿದ್ದಳು. ಅದರಿಂದ ಒಂದು ತಂಬಿಗೆ ತೆಗೆದುಕೊಂಡು ನಮ್ಮ ಗುಂಪಿನ ಒಬ್ಬರು ಶೂ ತೊಳೆದರು. ದುಬಾರಿ ಶೂ, ಧೂಳು ಕೂತಿತ್ತು. ಆಕೆ ಏನೂ ಅನ್ನಲಿಲ್ಲ, ಇನ್ನೊಂದು ಲೋಟ ಸೋಸಿದಳು. ಇದನ್ನು ಯಾವ ಪರಿಭಾಷೆಯಲ್ಲಿ ಬರೆಯಲಿ?

ಅಲ್ಲಿಂದ ಅನತಿದೂರದ ಘಾಟ್‌ಘರ್‌ನಲ್ಲಿ 2008ರಿಂದ 250 ಮೆಗಾವ್ಯಾಟ್‌ನ ಜಲವಿದ್ಯುತ್ ಯೋಜನೆಯೊಂದಿದೆ. ಬೇಡಿಕೆ ಇಲ್ಲದ ಹೊತ್ತಿನಲ್ಲಿ ಕರೆಂಟು ಕೊಟ್ಟು ಕೆಳಗಿನ ಚೋಂಡೆಯ ಜಲಾಶಯದಿಂದ ನೀರನ್ನು ನಾನೂರು ಮೀಟರಿಗೂ ಮೇಲೆ ಎತ್ತುತ್ತಾರೆ. ಬೇಡಿಕೆ ಏರಿದಾಗ ಅದನ್ನೇ ಇಳಿಸಿ ಕರೆಂಟು ಮಾಡುತ್ತಾರೆ. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಅದೇ ಘಟ್ಟದ ಅಂಚಿನಲ್ಲಿ ಮಹಾದೇವ ಕೋಳಿ, ಠಾಕರ್ ಬುಡಕಟ್ಟುಗಳ ಹೆಂಗಸರ ಪಾಲಿಗೆ ನೀರು ತಲೆಯ ಮೇಲೆಯೇ ಹತ್ತಬೇಕು. ದರಿಯಲ್ಲಿ ಹಗ್ಗ ಹಿಡಿದು ಇಳಿಯುತ್ತ ಹೋದರೆ ಸಿಗುವುದು ಡೇಹಣೆ, ಶಹಾಪುರ ತಾಲ್ಲೂಕು. ಮುಂಬಯಿಗೆ ನೀರು ಕೊಡುವ ತಾನ್ಸಾ, ಭಾತ್ಸಾ ಅಲ್ಲೇ ಇವೆ. ತಾನ್ಸಾದ ನೀರು 1892ರಿಂದ ಹೋಗುತ್ತಿದೆ. ಅದೇ ತಾಲ್ಲೂಕಿನ ಪಾಡಾ ಎಂಬ ಪುಟ್ಟ ಹಾಡಿಗಳಿಗೆ ಪ್ರತಿ ಬೇಸಿಗೆಯಲ್ಲೂ ಟ್ಯಾಂಕರ್ ಬರುತ್ತದೆ. ನಾವು ಇದೆಲ್ಲದರ ಮೇಲಿಂದ ಹಗ್ಗ ಕಟ್ಟಿ ಇಳಿದು, ಕೆಳಗೆ ತಣ್ಣನೆ ಬಾಟಲಿ ಸಿಗಲಿಲ್ಲವೆಂದು ಗೊಣಗುತ್ತೇವೆ.

ಪರಿಶಿಷ್ಟ. ನೀರನ್ನು ಪುಣೆಯಿಂದಲೇ ಜೀಪಿನ ಹಿಂದೆ ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಹಾಕಿಕೊಂಡು ಹೋಗಿ. ದರಿಯನ್ನು ಬೆಳಿಗ್ಗೆ ಬೇಗ ಹೊಕ್ಕು ಹೊರಬನ್ನಿ, ಮಲಗುವುದು ಊರಿನಲ್ಲಿ. ಮೋಡ ಕಂಡರೆ ಒಳಗೆ ಇಳಿಯಲೇಬೇಡಿ, ಅವತ್ತು ರತನ್‌ಗಡವನ್ನು ನೋಡುತ್ತ ಕೂತರಾಯಿತು. ಊಟದ ಮನೆಯಲ್ಲಿ ಕುಡಿದ ನೀರಿಗೆ ಕೇಳದಿದ್ದರೂ ಬೇರೆ ದುಡ್ಡು ಕೊಡಿ, ಖಾಲಿ ಬಾಟಲಿಗಳನ್ನು ವಾಪಸು ತನ್ನಿ, ಶೂಗಳನ್ನು ಹಾಗೇ ಧೂಳಿನಲ್ಲೇ ತಂದು ಬಾಣೇರಿನಲ್ಲಿ ತೊಳೆಯಿರಿ. ಟೋಪಿಯ ಬಣ್ಣ ನಿಮ್ಮಿಷ್ಟ.