ರಳವ್ಯಸನ

‘ಏಳು’ ಎಂದರೆ ‘ಎದ್ದೆ’, ‘ಬೀಳು’ ಎಂದರೆ ‘ಬಿದ್ದೆ’ ಎನ್ನುವ ನಾವು, ‘ಕೇಳು’ ಎಂದಾಗ ಮಾತ್ರ ‘ಕೆದ್ದೆ’ ಎನ್ನದೆ ಸಭ್ಯರಾಗಿ ‘ಕೇಳಿದೆ’ ಎನ್ನುವುದೇಕೆಂಬ ಸಂಶಯವು, ಉಂಡು ಎಲೆಯಡಕೆ ಮೆಲ್ಲುತ್ತ ಕುಳಿತ ಗೃಹಸ್ಥನಿಗೆ ಬರತಕ್ಕದ್ದಲ್ಲ; ಬಂದರೂ ಒಂದು ಹೊರಳು ನಿದ್ದೆಯಲ್ಲಿ ಶಮನವಾಗಬೇಕು. ನನಗೋ ಅದು ವ್ಯಸನವಾಗಿ ಅಂಟಿಕೊಂಡಿತು. ಏಳು, ಬೀಳುಗಳಲ್ಲಿ ಮೊದಲಿಗಿದ್ದುದು ಇಂದಿನ ಳಕಾರವಲ್ಲ, ಕಾಲವಶವಾದ ‘ೞ’. ಅದು ದಕಾರದ ಮುಂದೆ ನಿಂತಾಗ ರೇಫವಾಗಿ, ಆ ರೇಫವೂ ಕರಗಿ, ‘ಎೞ್ದು’ ಎಂಬುದು ‘ಎರ್ದು’ ಆಗಿ ‘ಎದ್ದು’ ಆಯಿತು. ‘ಗೞ್ದೆ’ಯು ಗದ್ದೆಯಾದುದೂ ಹೀಗೆಯೇ. ‘ಕೇಳು’ವಿನದು ಹುಟ್ಟಿನಿಂದಲೇ ಳಕಾರವಾದುದರಿಂದ ಅದು ಈ ಗತಿಯಿಂದ ಪಾರಾಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ‘ೞ’ವನ್ನು ರಳವೆಂದು ಕರೆದು, ರಳವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ, ಪಾತ್ರೆಗಳಿಗೆ ಹೆಸರು ಕೊರೆಸುವ ಬುದ್ಧಿ ಅವು ಕಳೆಯತೊಡಗಿದ ಮೇಲಲ್ಲವೆ ಬರುವುದು?

ತಿಳಿದಷ್ಟಕ್ಕೆ ತೃಪ್ತನಾಗದೆ, ಅದನ್ನು ಉಚ್ಚರಿಸಿಯೇ ತೀರುವೆನೆಂದು ಹಟ ಹಿಡಿದೆನು. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಚಿ, ಅಂಗುಳಿನ ಸಮೀಪಕ್ಕೊಯ್ದು, ಮುಟ್ಟಿಸದೆ ದನಿಗೊಡಬೇಕು. ಮುಟ್ಟಿತೋ, ಮತ್ತೆ ಅದೇ ಳಕಾರ. ಬಾಳೆಹಣ್ಣಿನ ತಮಿಳು ಹೆಸರಿನಲ್ಲಿ ಎರಡೆರಡು ರಳಗಳಿವೆಯೆಂದು, ಮಧುರೆಯ ಕಡೆಯವರಾದ ನೆರೆಮನೆಯವರಲ್ಲಿ ಕಲಿಯಹೋದರೆ, ಅವರು ನಿರಾತಂಕವಾಗಿ ‘ವಾಳಪ್ಪಳಂ’ ಎಂದು ನಮ್ಮ ಳಕಾರವನ್ನೇ ಎರಡು ಸಲ ದಯಪಾಲಿಸಿದರು.

ಸಿದ್ಧಿ ದೊರೆತದ್ದು ಕ್ಷೌರದಂಗಡಿಯಲ್ಲಿ. ಮುಖದ ತುಂಬ ಸಾಬೂನಿನ ನೊರೆ, ಗಂಟಲ ಮೇಲೆ ಕತ್ತಿ. ಕತ್ತು ಹಿಂದಕ್ಕೊರಗಿದ್ದುದರಿಂದಲೋ ಏನೋ, ನಾಲಗೆಯು ತಾನಾಗಿ ಮಡಿಚಿಕೊಂಡು ಆ ಧ್ವನಿ ಹೊರಟೇಬಿಟ್ಟಿತು. ಬಿಟ್ಟರೆ ಮತ್ತೆ ದೊರೆಯದೆಂಬ ಲೋಭದಿಂದ ಅದನ್ನು ಉಸಿರಿರುವಷ್ಟೂ ಎಳೆದೆನು. ಕಣ್ಣು ಮೇಲೆ ಸಿಕ್ಕಿ, ಬಾಯ ಸುತ್ತ ನೊರೆಯಾಡುತ್ತ, ಅಶ್ರುತಪೂರ್ವವಾದ ಘೋಷವೊಂದು ನನ್ನಿಂದ ಹೊರಡುತ್ತಿರುವುದನ್ನು ಕಂಡ ಕ್ಷೌರಿಕನು, ‘ಸ್ವಾಮ್ಯೋರ್ಗೆ ಮೂರ್ಛೆ ಬಂತು, ಕಬ್ಬಿಣ ತನ್ರಪ್ಪೋ!’ ಎಂದು ಕೂಗಿದನು. ಸರದಿ ಕಾಯುತ್ತಿದ್ದ ಹಿರಿಯರೊಬ್ಬರು ಉಡಿದಾರದಿಂದ ಬೀಗದ ಕೈಗಳ ಗೊಂಚಲನ್ನು ಬಿಚ್ಚಿ ನನ್ನ ಮುಷ್ಟಿಗೆ ತುರುಕಿದರು. ಮತ್ತೊಬ್ಬರು ಈರುಳ್ಳಿ ಮೂಸಿಸಬೇಕೆಂದು ವಿಧಿಸಿ, ಅದು ಅಲ್ಲಿ ದೊರೆಯದಿರಲು, ತತ್ಸ್ಥಾನದಲ್ಲಿ ತಮ್ಮ ಎಡಗಾಲಿನ ಜೋಡನ್ನು ಕಳಚಿದರು. ವಿವರಣೆ ಕೊಡೋಣವೆಂದರೆ ನಾಲಗೆಯನ್ನು ಬಿಡಿಸಬೇಕು. ಬಿಡಿಸಿದರೆ ರಳವು ಹೋಗುತ್ತದೆ! ಜೋಡು ಮೂಗಿನ ಗೇಣಳತೆಗೆ ಬರುವವರೆಗೂ ನಾನು ರಳವನ್ನು ಬಿಡಲಿಲ್ಲ.

ಕನ್ನಡಿಗರೆಲ್ಲ ಸೇರಿ ಕಳೆದ ಈ ಅಕ್ಷರಕ್ಕಾಗಿ ಯಾರಿಗೂ ಛಡಿಯೇಟು ಬಿದ್ದುದಿಲ್ಲ. ಆದರೆ ನಮ್ಮ ಮನೆಗೆ ಹಾಲು ತರುವ ಹುಡುಗನನ್ನು, ‘ಆಲು’ ಎಂದನೆಂಬ ಕಾರಣಕ್ಕೆ, ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿ ಎಲ್ಲರಿಂದ ನಗಿಸಿದರಂತೆ. ಅಂದಿನಿಂದ ಅವನು ಕದ ತಟ್ಟಿ ಸುಮ್ಮನೆ ನಿಲ್ಲುತ್ತಾನೆ, ಕೂಗುವುದಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿತು. ಮೇಷ್ಟರಲ್ಲಿಗೆ ಹೋಗಿ, ‘ಸುಮಾರು 10ನೆಯ ಶತಮಾನದಿಂದ ಮೊದಲ್ಗೊಂಡು ಪಕಾರವನ್ನು ಹಕಾರ ಮಾಡಿ ಪಾಲನ್ನು ಹಾಲೆಂದವರು ನಮ್ಮ ಹಿರಿಯರು, ಈಗ ಆ ಹಕಾರವನ್ನು ಇವನ ಮನೆಯವರು ಬಿಡುತ್ತಿದ್ದಾರೆ. ಬೆಂಚು ಹತ್ತುವುದಾದರೆ ನಾವೆಲ್ಲ ಹತ್ತೋಣ’ ಎಂದೆನು. ಅವರು ನಕ್ಕು, ‘ತಾವು ಮೊದಲು ಮನೆಯಲ್ಲಿ ಪಾಲು ಎಂದು ತೋರಿಸಿ’ ಎಂದರು.

ಮಾತಿಗೆ ಕಟ್ಟುಬಿದ್ದು, ಮರುದಿನ ಕಾಫಿಯ ಹೊತ್ತಿಗೆ, ‘ಪಾಲು ಬಂತೇನೆ?’ ಎಂದು ನಡುಮನೆಯಿಂದ ಕೂಗಿದೆನು. ಮಡದಿಯು ಸೌಟು ಹಿಡಿದೇ ಓಡಿಬಂದಳು: ‘ಕೊನೆಗೂ ಭಾವನವರು ಕೊಟ್ಟರೆ? ಹಿತ್ತಲಿನ ಮಾವಿನಮರವೂ ಸೇರಿತೋ ಇಲ್ಲವೋ, ಅದು ಹೇಳಿ ಮೊದಲು!’